ಒರಳುಕಲ್ಲು ಮೈಸೂರಿಗೆ ಹೋದದ್ದು

“ಸಾರ್, ಇದು ನಿಮ್ ಸಾಮಾನಾ, ಇಲ್ಲಾ ಮನೆ ಜೊತೇಗೇ ಬಂದಿದ್ದಾ?”

ಪ್ಯಾಕರ್ಸ್ ಹುಡುಗ ಹಿತ್ತಲಿನ ಮೂಲೆಯಲ್ಲಿ ನಿಂತು ಕೇಳಿದ. ಅವನು ತೋರಿಸುತ್ತಿದ್ದದ್ದು ನಮ್ಮ ಅತ್ತೆಯವರ ಒರಳುಕಲ್ಲನ್ನು. ಫ್ರಿಜ್ಜು, ವಾಷಿಂಗ್ ಮೆಷೀನು, ಎರಡು ಬೀರು, ನನ್ನ ಮದುವೆಯ ಮಂಚ ಎಲ್ಲ ಸೇರಿ ಇಪ್ಪತ್ತೆರಡು ಸಾವಿರಕ್ಕೆ ಮಾತಾಗಿತ್ತು. ಕಲ್ಲನ್ನು ನೋಡಿದ ಮೇಲೆ ಅವನು ಇನ್ನಿಬ್ಬರನ್ನು ಕರೆದ, ಮೂವರೂ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಆಮೇಲೆ “ಎಕ್ಸ್‌ಟ್ರಾ ಎರಡೂವರೆ ಸಾವಿರ” ಎಂದರು.

“ಹೊಸಾ ಗ್ರೈಂಡರ್ರೇ ಬರುತ್ತಲ್ಲಪ್ಪ ಅದಕ್ಕೆ ಇನ್ನೊಂದಿಷ್ಟು ಹಾಕಿದ್ರೆ” ಅಂದೆ.

“ಹಂಗಾದ್ರೆ ಬಿಟ್ಟೋಗಿ ಸಾರ್.”

ಒಳಗಿನಿಂದ ಅತ್ತೆಯವರು ಕೆಮ್ಮಿದರು. ಅವರ ಕೆಮ್ಮಿನಲ್ಲಿ ಹದಿನಾಲ್ಕು ಬಗೆಗಳಿವೆ. ಇದು ‘ನಾನೂ ಕಲ್ಲಿನ ಜೊತೆ ಇಲ್ಲೇ ಇರ್ತೀನಿ’ ಎನ್ನುವ ಕೆಮ್ಮು. ಎರಡೂವರೆ ಸಾವಿರ ಉಳಿಸುವ ಆಸೆಗೆ ನಾನೇ ಬಗ್ಗಿ ಕಲ್ಲಿನ ಅಂಚು ಹಿಡಿದೆ. ಕಲ್ಲು ಅಲ್ಲೇ ಇತ್ತು. ನನ್ನ ಸೊಂಟ ಮಾತ್ರ ಇದ್ದ ಜಾಗ ಬಿಟ್ಟು ಬೇರೆ ಕಡೆ ಹೋಯಿತು. ಆ ಮನೆಯಿಂದ ಮೊದಲು ಸ್ಥಳಾಂತರಗೊಂಡದ್ದು ಅದೇ.

ಈ ಸ್ಥಳಾಂತರ ನನ್ನದೇ ತಲೆಯಿಂದ ಹೊರಟ ಯೋಜನೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ನಾನು ಕೆಲಸ ಮಾಡುವ ಕಂಪನಿಯ ಹೆಸರು ಬೇಡ. ಅಮೆರಿಕದ ಒಂದಷ್ಟು ಕಂಪನಿಗಳ ಬಿಲ್ಲು, ವೋಚರು, ಸಂಬಳದ ಪಟ್ಟಿ ನೋಡಿಕೊಳ್ಳುವುದು ಅದರ ಕಸುಬು. ಅದರೊಳಗೆ ನನ್ನ ಕಸುಬು ಯಾವ ಕೆಲಸವನ್ನು ಯಾವ ಊರಿಗೆ ಸಾಗಿಸಿದರೆ ಎಷ್ಟು ಉಳಿಯುತ್ತದೆ ಎಂದು ಎಕ್ಸೆಲ್ ಹಾಳೆಯಲ್ಲಿ ತೋರಿಸುವುದು. ಹದಿನೆಂಟು ವರ್ಷದಲ್ಲಿ ನಾನು ಎಷ್ಟೋ ಜನರ ಕುರ್ಚಿಗಳನ್ನು ಮೌಸಿನಿಂದ ಎಳೆದು ಹುಬ್ಬಳ್ಳಿಗೂ ಮಂಗಳೂರಿಗೂ ಬಿಟ್ಟಿದ್ದೇನೆ. ಯಾರ ಸೊಂಟವೂ ನೋಯಲಿಲ್ಲ. ನನ್ನದಂತೂ ಇಲ್ಲವೇ ಇಲ್ಲ.

2024ರ ಮಾರ್ಚಿನಲ್ಲಿ ಬೆಂಗಳೂರಿನ ನಮ್ಮ ಮನೆಯ ಬೋರ್‌ವೆಲ್ ಗಾಳಿ ಉಗುಳಿತು. ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳತೊಡಗಿದಾಗ ಜಿಲ್ಲಾಡಳಿತ, ಐದು ಕಿ.ಮೀ. ಒಳಗಾದರೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ ಎಂದು ದರ ಕಟ್ಟಿತು. ಪೇಪರಿನ ಆ ತುಂಡನ್ನು ಕತ್ತರಿಸಿ ಗೇಟಿಗೆ ಅಂಟಿಸಿದೆ. ದರ ಬಂತು, ಟ್ಯಾಂಕರು ಬರಲಿಲ್ಲ. ಆವತ್ತು ರಾತ್ರಿ ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ ಬಂದು ಮನೆಯವರನ್ನೆಲ್ಲ ಕೂರಿಸಿ ಲ್ಯಾಪ್‌ಟಾಪ್ ತೆರೆದೆ.

“ನೋಡಿ, ಕಾವೇರಿ ನಮ್ಮ ನಲ್ಲಿಗೆ ಬರ್ಬೇಕಾದ್ರೆ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪಂಪ್ ಮಾಡ್ಬೇಕು. ನಾವೇ ಅವಳ ಹತ್ರ ಹೋದ್ರೆ ಆ ಖರ್ಚೇ ಇಲ್ಲ. ಇಲ್ಲಿ ಬಾಡಿಗೆ ಮೂವತ್ತೆರಡು ಸಾವಿರ. ಮೈಸೂರಲ್ಲಿ ಇದಕ್ಕಿಂತ ದೊಡ್ಡ ಮನೆ ಹದಿನಾರು. ನಾನು ಹೆಂಗೂ ವಾರಕ್ಕೆ ಒಂದಿನ ಆಫೀಸಿಗೆ ಹೋದ್ರೆ ಸಾಕು.”

ಬಾಡಿಗೆಯ ಮಾತು ಬಂದಾಗ ನನಗೆ ಒಂದು ಹಳೆಯ ಹೊಟ್ಟೆಯುರಿ ಇದೆ. ನಾನು ಬಾಡಿಗೆ ಕಟ್ಟಿದಷ್ಟು ವರ್ಷವೂ ಆದಾಯ ತೆರಿಗೆಯ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಲೆಕ್ಕದಲ್ಲಿ ಬೆಂಗಳೂರು ಮಹಾನಗರವೇ ಆಗಿರಲಿಲ್ಲ. ದಿಲ್ಲಿ, ಮುಂಬೈ, ಕೋಲ್ಕತ್ತ, ಚೆನ್ನೈಯವರಿಗೆ ಶೇ 50ರವರೆಗೆ ವಿನಾಯಿತಿ ಇತ್ತು, ನಮಗೆ ಶೇ 40. ಬಾಡಿಗೆ ಕೇಳುವಾಗ ನಮ್ಮ ಓನರ್ ಮುಂಬೈಯವರು. ತೆರಿಗೆ ಕಟ್ಟುವಾಗ ನಾನು ಮಾಗಡಿಯವನು.

“ಅಪ್ಪಾ, ಅಂದ್ರೆ ನಾವು ಔಟ್‌ಸೋರ್ಸ್ ಆಗ್ತಿದೀವಾ?” ಎಂದಳು ಮಗಳು.

“ಇಲ್ಲಿಂದ ಯಾರೂ ಹೋಗೋದು ಬೇಡ” ಎಂದರು ಅತ್ತೆ.

ಅತ್ತೆಯವರಿಗೆ ಶಾಸ್ತ್ರಾಧಾರ ಕೊಡದೆ ಯಾವುದನ್ನೂ ಒಪ್ಪಿಸಲಾಗದು. ಅದಕ್ಕೇ ಅರ್ಥಶಾಸ್ತ್ರಜ್ಞ ರಿಕಾರ್ಡೋನನ್ನು ಕರೆತಂದೆ. “1817ರಲ್ಲೇ ಹೇಳಿದಾನೆ ಪುಣ್ಯಾತ್ಮ. ಇಂಗ್ಲೆಂಡಿನಲ್ಲಿ ಬಟ್ಟೆಗೆ ನೂರು ಜನ ಬೇಕು, ದ್ರಾಕ್ಷಾರಸಕ್ಕೆ ನೂರಿಪ್ಪತ್ತು. ಪೋರ್ಚುಗಲ್ಲಿನಲ್ಲಿ ಬಟ್ಟೆಗೆ ತೊಂಬತ್ತು, ದ್ರಾಕ್ಷಾರಸಕ್ಕೆ ಎಂಬತ್ತೇ ಸಾಕು. ಎರಡರಲ್ಲೂ ಪೋರ್ಚುಗಲ್ಲೇ ಮೇಲು. ಆದ್ರೂ ಇಬ್ರಿಗೂ ಲಾಭ ಆಗ್ಬೇಕು ಅಂದ್ರೆ ಅವರು ದ್ರಾಕ್ಷಾರಸ ಮಾಡ್ಲಿ, ಇವರು ಬಟ್ಟೆ ನೇಯ್ಲಿ ಅಂತ.”

“ನಮ್ಮನೆಗೆ ಇದನ್ನ ಹೊಂದಿಸಿ ಹೇಳಿ” ಎಂದಳು ನನ್ನಾಕೆ. ಅವಳು ಹೀಗೆ ಶಾಂತವಾಗಿ ಕೇಳಿದಾಗ ನಾನು ಎದ್ದು ಹೋಗಬೇಕಿತ್ತು.

“ಈಗ ನೋಡು, ಸಾರು ಮಾಡೋಕೆ ನಿನಗೆ ಇಪ್ಪತ್ತು ನಿಮಿಷ, ನನಗೆ ಎರಡು ಗಂಟೆ. ಇಸ್ತ್ರಿ ನಿನಗೆ ಹತ್ತು ನಿಮಿಷ, ನನಗೆ ಅರ್ಧ ಗಂಟೆ. ಎರಡರಲ್ಲೂ ನೀನೇ ಮುಂದು. ಆದ್ರೆ ಇಸ್ತ್ರೀಲಿ ನಾನು ಸ್ವಲ್ಪ ಕಮ್ಮಿ ದಡ್ಡ. ಹಂಗಾಗಿ ಇಸ್ತ್ರಿ ನಂದು.”

“ಅಂದ್ರೆ ನಾನು ಪೋರ್ಚುಗಲ್ಲು.”

“ಹ್ಞೂಂ.”

“ಎರಡೂ ಕೆಲಸ ಚೆನ್ನಾಗಿ ಮಾಡೋಳು ನಾನು, ಲೋಕ ಆಳಿದ್ದು ಮಾತ್ರ ಇಂಗ್ಲೆಂಡು. ಅದು ಹೆಂಗ್ರೀ?”

ಅದಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ. ಮಾತು ತಿರುಗಿಸಲು, ಅದೇ ರಿಕಾರ್ಡೋ ‘ದುಡ್ಡಿರುವವನು ಲಾಭ ಕಮ್ಮಿಯಾದರೂ ಹುಟ್ಟಿದ ದೇಶ ಬಿಟ್ಟು ಹೋಗಲು ಹಿಂದೇಟು ಹಾಕುತ್ತಾನೆ’ ಎಂದೂ ಬರೆದಿದ್ದಾನೆಂದು ಬಾಯಿ ತಪ್ಪಿ ಹೇಳಿಬಿಟ್ಟೆ.

“ಬುದ್ಧಿವಂತ” ಎಂದರು ಅತ್ತೆ.

“ಅವರಪ್ಪ ಮಾತ್ರ ಆಮ್‌ಸ್ಟರ್‌ಡ್ಯಾಮಿನಿಂದ ಲಂಡನ್ನಿಗೆ ಬಂದು ಸೇರಿದೋರು” ಎಂದೆ, ಕೊನೆಯ ಅಸ್ತ್ರವಾಗಿ. ಅದು ಕೆಲಸ ಮಾಡಿತು. ಅಥವಾ ಮಾರನೆಯ ದಿನ ನಲ್ಲಿಯಲ್ಲಿ ಒಂದು ಹನಿಯೂ ಬಾರದ್ದು ಕೆಲಸ ಮಾಡಿತು. ಅತ್ತೆ ಒಪ್ಪಿದರು. ಒಂದೇ ಷರತ್ತು: ಕಲ್ಲು ಬರಬೇಕು.

ಇದರಲ್ಲಿ ಅವರ ಪರವಾಗಿಯೂ ಶಾಸ್ತ್ರವಿದೆ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ. ಆಲ್ಫ್ರೆಡ್ ವೆಬರ್ ಎಂಬ ಜರ್ಮನಿಯವನು 1909ರಲ್ಲಿ ಕಾರ್ಖಾನೆ ಎಲ್ಲಿ ಕಟ್ಟಬೇಕೆಂದು ಪುಸ್ತಕವನ್ನೇ ಬರೆದ. ಕಚ್ಚಾ ಸಾಮಾನು ಭಾರವಾಗಿದ್ದು, ಕೆಲಸ ಮುಗಿಯುವಷ್ಟರಲ್ಲಿ ತೂಕ ಕಳೆದುಕೊಳ್ಳುವಂಥದ್ದಾದರೆ ಕಾರ್ಖಾನೆಯೇ ಸಾಮಾನಿನ ಹತ್ತಿರ ಹೋಗಬೇಕು. ಕೂಲಿ ತೀರ ಅಗ್ಗವಾಗಿದ್ದರೆ ಮಾತ್ರ ಅದು ಆ ಜಾಗ ಬಿಟ್ಟು ಕೂಲಿಯ ಕಡೆ ವಾಲುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಭದ್ರಾವತಿಯಲ್ಲೇ ಆದದ್ದು ಕೆಮ್ಮಣ್ಣುಗುಂಡಿಯ ಅದಿರು, ಇದ್ದಿಲಿಗೆ ಬೇಕಾದ ಕಾಡು, ಎರಡೂ ಕೈಗೆ ಸಿಕ್ಕುವ ದೂರದಲ್ಲಿದ್ದುದರಿಂದ. ನಮ್ಮ ಮನೆಯಲ್ಲೂ ಅಷ್ಟೇ. ಕಲ್ಲು ಎಲ್ಲಿದೆಯೋ ಅಲ್ಲಿ ಅತ್ತೆ, ಅತ್ತೆ ಎಲ್ಲಿದ್ದಾರೋ ಅಲ್ಲಿ ಅಡಿಗೆಮನೆ, ಅಡಿಗೆಮನೆ ಇದ್ದಲ್ಲಿ ನಾನು.

ಓನರ್ ಜೊತೆ ಲೆಕ್ಕ ಚುಕ್ತಾ ಮಾಡುವ ದಿನ ಅಡ್ವಾನ್ಸು ವಾಪಸ್ ಕೇಳಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸು ಎಂಬುದು ವೇದದಲ್ಲಿ ಬಂದ ಹಾಗೆ ನಡೆದುಕೊಂಡು ಬಂದಿದೆ. ನಾವು ಮನೆ ಹಿಡಿದಾಗ ಬಾಡಿಗೆ ಹದಿನೆಂಟು ಸಾವಿರ, ಕೊಟ್ಟದ್ದು ಒಂದು ಲಕ್ಷದ ಎಂಬತ್ತು. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಹಿಡಿದುಕೊಳ್ಳುವುದು ಇನ್ನೊಂದು ವೇದ. ಯಾವ ಬಾಡಿಗೆ? ಈಗಿನದು. ಅಡ್ವಾನ್ಸು ಹಳೇ ಲೆಕ್ಕದಲ್ಲಿ, ಬಣ್ಣ ಹೊಸ ಲೆಕ್ಕದಲ್ಲಿ. “ಮೊಳೆ ಎಷ್ಟೊಂದ್ ಹೊಡೆದಿದೀರ ನೋಡಿ” ಎಂದು ಗೋಡೆ ತೋರಿಸಿದರು. ಹನ್ನೊಂದು ಇದ್ದವು. ಒಂಬತ್ತು ನನ್ನ ಕೈಗೆ ಹೊಡೆದುಕೊಂಡವು, ಗೋಡೆಗೆ ತಗಲಿದ್ದು ಎರಡೇ ಎಂದು ನನ್ನಾಕೆ ಸಾಕ್ಷಿ ಹೇಳಿದರೂ ನಡೆಯಲಿಲ್ಲ.

ಲಾರಿ ಮುಂದೆ ಹೋಯಿತು. ಅತ್ತೆ, ನನ್ನಾಕೆ, ಮಗಳು ರೈಲಿನಲ್ಲಿ. ಸ್ಕೂಟರನ್ನು ಲಾರಿಗೆ ಹಾಕಿದರೆ ಮತ್ತೆ ಮೂರು ಸಾವಿರ ಎಂದದ್ದರಿಂದ ನಾನೇ ಓಡಿಸಿಕೊಂಡು ಬರುತ್ತೇನೆಂದೆ. 118 ಕಿ.ಮೀ. ದಶಪಥ, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ಮೂರು ಗಂಟೆಯ ದಾರಿ ಇನ್ನು 75 ನಿಮಿಷ ಎಂದಿದ್ದರಲ್ಲ! ಕೆಂಗೇರಿ ದಾಟುವುದಕ್ಕೇ ಆ 75 ನಿಮಿಷ ಮುಗಿಯಿತು. ಅದರಾಚೆ ಪೊಲೀಸರೊಬ್ಬರು ಕೈ ಅಡ್ಡ ಹಾಕಿ, ದೊಡ್ಡ ರಸ್ತೆಗೆ ಸ್ಕೂಟರು, ಆಟೋ, ಟ್ರ್ಯಾಕ್ಟರು ಹತ್ತುವಂತಿಲ್ಲ, ಕಳೆದ ವರ್ಷ ಆಗಸ್ಟಿನಿಂದಲೇ ನಿಷೇಧ, ಪೇಪರ್ ಓದಲ್ವಾ ಎಂದು ಕೇಳಿದರು. ಓದುತ್ತೇನೆ, ಟ್ಯಾಂಕರ್ ದರ ಮಾತ್ರ. ಸರ್ವಿಸ್ ರಸ್ತೆ, ಹಳೇ ರಸ್ತೆ ಅಂತ ಬಿಡದಿ, ರಾಮನಗರ, ಚನ್ನಪಟ್ಟಣ ಒಂದನ್ನೂ ಬಿಡದೆ ದರ್ಶನ ಮಾಡಿಕೊಂಡು, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದು ಮದ್ದೂರು ಮುಟ್ಟುವಾಗ ಸಂಜೆ.

ಗಾರ್ಮೆಂಟ್ಸ್ ಬಿಡುವ ಹೊತ್ತು. ಗೇಟಿನಿಂದ ಹೆಂಗಸರು ಕಟ್ಟೆ ಒಡೆದ ಹಾಗೆ ಹೊರಬರುತ್ತಿದ್ದರು. ಭುಜದಲ್ಲಿ ಬ್ಯಾಗು, ಕೈಯಲ್ಲಿ ಖಾಲಿ ಡಬ್ಬಿ, ಟೆಂಪೋ ಹಿಡಿಯುವ ಓಟ. ಟೀ ಅಂಗಡಿಯ ಬೆಂಚಿನಲ್ಲಿ ವಡೆ ತಿನ್ನುತ್ತ ಕೂತಿದ್ದ ನನ್ನ ಪಕ್ಕ ಒಬ್ಬಾಕೆ ಬಂದು ಕೂತರು. ಟೆಂಪೋ ತಪ್ಪಿತ್ತು.

“ಬೆಂಗ್ಳೂರಿಂದ್ಲಾ ಅಣ್ಣ? ನಾನೂ ಅಲ್ಲೇ ಪೀಣ್ಯದಲ್ಲಿ ಆರು ವರ್ಸ ಒಲೀತಿದ್ದೆ. ಬಾಡಿಗೆ ಕಟ್ಟಿ, ಗ್ಯಾಸು ತಕ್ಕೊಂಡು, ಮಕ್ಕಳ ಫೀಸು ಕೊಟ್ರೆ ಏನ್ ಉಳೀತಿತ್ತು ಮಣ್ಣು. ಆಮೇಲೆ ಫ್ಯಾಕ್ಟ್ರಿಯೋರೇ ಇಲ್ಲಿಗೆ ಬಂದ್ರು.”

“ಸಂಬಳ ಅಷ್ಟೇ ಕೊಡ್ತಾರಾ?”

“ಎಲ್ ಕೊಟ್ಟಾರು! ಕಮ್ಮಿ ಕನಣ್ಣ. ಆದ್ರೆ ಮನೆ ನಮ್ದು, ರಾಗಿ ನಮ್ದು, ಮಕ್ಕಳ್ನ ನೋಡ್ಕೊಳಕೆ ಅತ್ತೆ ಅವ್ರೆ.” ಟೀ ಊದಿ ಒಂದು ಗುಟುಕು ಕುಡಿದು ಹೇಳಿದರು: “ಅದು ಅವ್ರಿಗೂ ಗೊತ್ತು. ನಮ್ಮನೆ ರಾಗೀನೂ ಲೆಕ್ಕಕ್ಕೆ ಹಿಡ್ಕಂಡೇ ಸಂಬ್ಳ ಕಟ್ಟವ್ರೆ.”

ವಡೆ ನನ್ನ ಗಂಟಲಲ್ಲಿ ನಿಂತಿತು. ಹದಿನೆಂಟು ವರ್ಷ ನಾನು ‘ಜೀವನವೆಚ್ಚ ಕಡಿಮೆ ಇರುವ ಪ್ರದೇಶ’ ಎಂದು ಬರೆಯುತ್ತಿದ್ದ ಕಾಲಂನೊಳಗೆ ಇದ್ದದ್ದು ಈಕೆಯ ರಾಗಿ, ಈಕೆಯ ಅತ್ತೆ. ನಮ್ಮಲ್ಲಿ ಕನಿಷ್ಠ ವೇತನಕ್ಕೂ ವಲಯಗಳಿವೆ. ಬೆಂಗಳೂರಿಗೆ ಹೆಚ್ಚು, ಊರು ಸಣ್ಣದಾದ ಹಾಗೆ ಕಮ್ಮಿ. ಕೈಗಾರಿಕೆಯ ರಿಯಾಯಿತಿಗೂ ವಲಯ. 2020–25ರ ಕೈಗಾರಿಕಾ ನೀತಿಯಲ್ಲಿ ಬೆಂಗಳೂರು ನಗರ, ಗ್ರಾಮಾಂತರ ಎರಡೂ ಮೂರನೇ ವಲಯ, ಅಂದರೆ ಊಟದ ಮನೆಯಲ್ಲಿ ಕೊನೆಯ ಪಂಕ್ತಿ. ಹೋಳಿಗೆ ಬೇಕಿದ್ದವರು ಮದ್ದೂರು, ಹಾಸನ, ಶ್ರೀರಂಗಪಟ್ಟಣದ ಪಂಕ್ತಿಯಲ್ಲಿ ಕೂರಬೇಕಿತ್ತು. ಬಟ್ಟೆ ಹೊಲಿಯುವವರಂತೂ ಎಲ್ಲೂ ಬೇರು ಬಿಡುವವರಲ್ಲ. ಹೊಲಿಗೆ ಮೆಷೀನಿಗೇನು, ನಮ್ಮ ಒರಳಿನ ತೂಕವೇ? ಮ್ಯಾಸಚೂಸೆಟ್ಸಿನ ಬಟ್ಟೆ ಗಿರಣಿಗಳು ಕಳೆದ ಶತಮಾನದ ಮೊದಲರ್ಧದಲ್ಲಿ ಅಗ್ಗದ ಕೂಲಿ ಹುಡುಕಿಕೊಂಡು ಕೆರೊಲೈನಾಗಳಿಗೆ ಇಳಿದವು, ಅಲ್ಲಿಂದ ಆ ಕಸುಬು ಕಡಲು ದಾಟಿ ಏಷ್ಯಾಕ್ಕೆ ಬಂತು. ಮದ್ದೂರು ಆ ದಾರಿಯಲ್ಲಿ ಒಂದು ಸ್ಟಾಪು.

ಹಾಗೆ ನೋಡಿದರೆ ನನ್ನ ಕುರ್ಚಿಯೂ ಬೆಂಗಳೂರಿಗೆ ಹೀಗೇ ಬಂದದ್ದು. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬಂತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಮೆರಿಕದಿಂದ ಬಂತು. ಓದಿದ ಹುಡುಗರು ಸಿಗುತ್ತಾರೆ, ಅಲ್ಲಿಯ ಸಂಬಳದ ಒಂದು ತುಣುಕಿಗೆ ಸಿಗುತ್ತಾರೆ, ಹವೆಯೂ ಚೆನ್ನ. ಆ ಹುಡುಗರು ಅಪ್ಪನ ಮನೆಯಲ್ಲಿ ಉಂಡು ಅಮ್ಮ ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೋಗುತ್ತಿದ್ದರು. ಅಮೆರಿಕದವರ ಪಾಲಿಗೆ ನಾನೇ ಮದ್ದೂರು.

ಇನ್ನೊಂದು ವಿಚಿತ್ರ ನೋಡಿ. ನಮ್ಮ ಬೆಂಗಳೂರಿನ ಮನೆಗೆ ಕೆಲಸಕ್ಕೆ ಬರುತ್ತಿದ್ದಾಕೆ ರಾಯಚೂರಿನ ಕಡೆಯವರು. ಊರಲ್ಲಿ ಕೂಲಿ ಸಾಲದೆ ಬಂದವರು. ಕೂಲಿ ಹುಡುಕಿಕೊಂಡು ಜನ ನಗರಕ್ಕೆ ಹತ್ತುತ್ತಾರೆ, ಅಗ್ಗದ ಕೂಲಿಯವರನ್ನು ಹುಡುಕಿಕೊಂಡು ಕಂಪನಿ ಹಳ್ಳಿಗೆ ಇಳಿಯುತ್ತದೆ. ಇಬ್ಬರೂ ದಾರಿಯಲ್ಲಿ ಎಲ್ಲೋ ಒಂದು ಕಡೆ ಎದುರುಬದುರಾಗಿ ದಾಟಿಹೋಗಿರಬೇಕು. ಹಳೇ ರಸ್ತೆಯಾಗಿದ್ದರೆ ವಡೆ ತಿನ್ನುತ್ತ ಮಾತಾಡಿಯಾದರೂ ಆಡುತ್ತಿದ್ದರು. ಈಗ ದಶಪಥ ಮದ್ದೂರಿನಲ್ಲಿ ನಿಲ್ಲದೆ ಹಾದುಹೋಗುತ್ತದೆ.

ಮೈಸೂರಿನ ಮೊದಲ ತಿಂಗಳು ನನ್ನ ಮಾತೇ ಮಾತು. ನಲ್ಲಿಯಲ್ಲಿ ನೀರು. ಸಂಜೆ ಐದಕ್ಕೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್. ಒರಳುಕಲ್ಲು ಹಿತ್ತಲಿನ ಸೀಬೆಮರದ ಕೆಳಗೆ ಸಿಂಹಾಸನದಂತೆ ಕೂತಿತು. ದಿನಾ ರಾತ್ರಿ “ಹದಿನಾರು ಸಾವಿರ ಉಳೀತು” ಎಂದು ಹೇಳಿ ಮಲಗುತ್ತಿದ್ದೆ, ಗಾಯತ್ರಿ ಜಪದ ಹಾಗೆ.

ಎರಡನೇ ತಿಂಗಳು ನೆಂಟರಿಗೆ ವಿಳಾಸ ಗೊತ್ತಾಯಿತು. ಬೆಂಗಳೂರಿನಲ್ಲಿದ್ದಾಗ ಎರಡು ಕಿಲೋಮೀಟರ್ ದೂರದ ಭಾವಮೈದ ವರ್ಷಕ್ಕೊಮ್ಮೆ ಬರುತ್ತಿದ್ದ. ಮೈಸೂರಿಗೆ ಬಂದ ಮೇಲೆ ತಿಂಗಳಿಗೆರಡು ಸಲ. ದಸರಾ ಬಂತು. ಆ ಹತ್ತು ದಿನ ಮೈಸೂರಿನ ಲಾಡ್ಜುಗಳು ಏನು ಕೇಳುತ್ತವೆಂದು ಎಲ್ಲರಿಗೂ ಗೊತ್ತು, ನಮ್ಮ ನೆಂಟರಿಗಂತೂ ಚೆನ್ನಾಗಿ ಗೊತ್ತು. ಹದಿಮೂರು ಜನ. ಹಾಲ್‌ನಲ್ಲಿ ಏಳು, ರೂಮುಗಳಲ್ಲಿ ಐದು, ಭಾವಮೈದ ಮಾತ್ರ ನನ್ನ ವರ್ಕ್ ಫ್ರಂ ಹೋಮ್ ಮೇಜಿನ ಕೆಳಗೆ, ಅಲ್ಲಿ ಫ್ಯಾನು ಚೆನ್ನಾಗಿ ಬರುತ್ತದೆಂದು. ಮೀಟಿಂಗಿನಲ್ಲಿ ಅಮೆರಿಕದವನು “ಹಿಂದೆ ಏನೋ ಮೆಷೀನ್ ಸದ್ದು” ಎಂದ. ಅದು ಭಾವಮೈದನ ಗೊರಕೆ.

ಅಷ್ಟೂ ಜನಕ್ಕೆ ಕಲ್ಲಿನಲ್ಲಿ ರುಬ್ಬಿದ್ದು ಪೋರ್ಚುಗಲ್ಲು. ನಾನು ಒಪ್ಪಂದದ ಪ್ರಕಾರ ಇಸ್ತ್ರಿ ಮಾಡಿದೆ: ಹದಿಮೂರು ಜನರದ್ದು. ಅತ್ತೆಯ ರೇಷ್ಮೆ ಸೀರೆಯ ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದ್ದೊಂದು ಇಂಗ್ಲೆಂಡಿನ ನಕ್ಷೆ ಮೂಡಿತು. ಆಮೇಲೆ ಆ ಒಪ್ಪಂದ ರದ್ದಾಯಿತು.

ನವೆಂಬರಿನಲ್ಲಿ ಕಂಪನಿಯಿಂದ ಮೇಲ್. ನನ್ನ ವಿಳಾಸ ಬದಲಾದದ್ದು ಅವರ ಗಮನಕ್ಕೆ ಬಂದಿದೆಯಂತೆ. ‘ವಾಸಸ್ಥಳದ ಜೀವನವೆಚ್ಚಕ್ಕೆ ಅನುಗುಣವಾಗಿ ವೇತನವನ್ನು ಸರಿಹೊಂದಿಸುವ ನೀತಿಯ ಪ್ರಕಾರ’ ಸಂಬಳದಲ್ಲಿ ಶೇ 12 ಕಡಿತ. ಓದುತ್ತ ಓದುತ್ತ ವಾಕ್ಯ ಎಲ್ಲೋ ಕಂಡ ಹಾಗಿದೆ ಅನ್ನಿಸಿತು. ಹಳೇ ಫೈಲು ತೆಗೆದೆ. ಆರು ವರ್ಷದ ಹಿಂದೆ ಹುಬ್ಬಳ್ಳಿಯ ಹುಡುಗರಿಗಾಗಿ ಆ ನೀತಿಯ ಕರಡು ಬರೆದವನು ನಾನೇ. ಒಂದು ಅಲ್ಪವಿರಾಮ ತಪ್ಪು ಜಾಗದಲ್ಲಿ ಹಾಕಿದ್ದೆ. ಅದನ್ನೂ ಹಾಗೇ ಉಳಿಸಿದ್ದರು.

ನನ್ನಾಕೆಗೆ ಹೇಳಲು ಹಿತ್ತಲಿಗೆ ಹೋದೆ. ಅವಳು ಗುಂಡುಕಲ್ಲು ತಿರುಗಿಸುತ್ತಿದ್ದಳು.

“ಶೇಕಡಾ ಹನ್ನೆರಡು ಅಂದ್ರೆ ಎಷ್ಟ್ರೀ?”

“ಹದಿಮೂರು ಸಾವಿರದ ಇನ್ನೂರು.”

ಅವಳು ಗುಂಡು ನಿಲ್ಲಿಸಲಿಲ್ಲ. “ಮದ್ದೂರಿನ ಆಯಮ್ಮ ಹೇಳಿದ್ರಲ್ಲ ರಾಗಿ ವಿಷಯ, ನೀವೇ ಬಂದು ದೊಡ್ಡದಾಗಿ ವರ್ಣಿಸಿದ್ರಿ. ನಿಮ್ಮ ಕಂಪನಿಯೋರಿಗೆ ನಮ್ಮನೆ ಇಡ್ಲಿ ಹಿಟ್ಟಿನ ವಿಷಯ ಗೊತ್ತಾಗಿದೆ.”

ಹದಿನಾರರಲ್ಲಿ ಹದಿಮೂರೂ ಚಿಲ್ಲರೆ ಹೋಗಿ ಎರಡು ಸಾವಿರದ ಎಂಟುನೂರು ಉಳಿಯಿತು. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವ ಬಸ್ಸು ಚಾರ್ಜು, ನೆಂಟರ ಹಾಲು, ಕಾಫಿಪುಡಿ ಇವನ್ನೆಲ್ಲ ನಾನು ಹಾಳೆಯಲ್ಲಿ ‘ಇತರೆ’ ಎಂಬ ಕಾಲಂಗೆ ಹಾಕಿ, ಆ ಕಾಲಂ ಅನ್ನು ಮರೆಮಾಡಿಟ್ಟಿದ್ದೆ. ಆಫೀಸಿನಲ್ಲಿ ಕಲಿತ ವಿದ್ಯೆ.

ಹನ್ನೊಂದು ತಿಂಗಳ ಕರಾರು ಮುಗಿಯುವ ವಾರ ಮೈಸೂರಿನ ಓನರ್ ಬಂದರು. ಬಹಳ ಸಾಧು ಮನುಷ್ಯರು, ನಮಸ್ಕಾರ ಮಾಡದೆ ಮಾತು ಶುರು ಮಾಡುವವರಲ್ಲ. ಕಾಫಿ ಕುಡಿದರು, ಬಟ್ಟಲು ಕೆಳಗಿಟ್ಟರು.

“ಇನ್ನು ಮುಂದೆ ಹದಿನೆಂಟು ಕೊಟ್ಬಿಡಿ ಸಾರ್.”

“ಎರಡು ಸಾವಿರ ಒಂದೇ ಸಲ! ಯಾಕೆ ಸಾರ್?”

“ಏನ್ ಮಾಡೋದು ಹೇಳಿ, ಬೆಂಗಳೂರಿನೋರು ಬಂದು ಬಂದು ಇಲ್ಲೆಲ್ಲಾ ಬಾಡಿಗೆ ಏರ್ಸಿಬಿಟ್ಟಿದಾರೆ” ಎಂದರು, ನನ್ನನ್ನು ಮೈಸೂರಿನವನೆಂದೇ ತಿಳಿದ ಅನುಕಂಪದ ದನಿಯಲ್ಲಿ. ನಾನೂ ತಲೆಯಾಡಿಸಿ ಬೆಂಗಳೂರಿನವರನ್ನು ಎರಡು ಮಾತು ಬೈದೆ.

ಅವರು ಹೋದ ಮೇಲೆ ಲ್ಯಾಪ್‌ಟಾಪ್ ತೆರೆದೆ. ಉಳಿದದ್ದು ಎಂಟುನೂರು. ಹೊಸ ಹಾಳೆ ತೆಗೆದು ತಲೆಬರಹದಲ್ಲಿ ‘ನಂಜನಗೂಡು’ ಎಂದು ಟೈಪ್ ಮಾಡಿದೆ. ಇಪ್ಪತ್ತೈದು ಕಿಲೋಮೀಟರ್ ಒಳಗೇ, ಕಪಿಲೆ ಹರಿಯುತ್ತಾಳೆ, ರೈಲಿದೆ, ಬಾಡಿಗೆ ಒಂಬತ್ತಕ್ಕೆ ಸಿಗುತ್ತದೆಂದು ಆಫೀಸಿನವನೊಬ್ಬ ಹೇಳಿದ್ದ. ಮನೆಯವರನ್ನು ಕರೆದೆ.

“ಅತ್ತೆ, ನಂಜನಗೂಡಿಗೆ ಹೋದ್ರೆ ದಿನಾ ನಂಜುಂಡೇಶ್ವರನ ದರ್ಶನ.”

ಅತ್ತೆಯವರು ಕೆಮ್ಮಲಿಲ್ಲ. ಅದೇ ಹೆದರಿಕೆಯಾಯಿತು. ನಿಧಾನವಾಗಿ ಎದ್ದು ಹಿತ್ತಲ ಬಾಗಿಲು ತೆರೆದು, ಸೀಬೆಮರದ ಕೆಳಗಿನ ಕಲ್ಲನ್ನು ತೋರಿಸಿದರು.

“ಆಗ್ಲಿ ಅಳಿಯಂದ್ರೆ, ಹೋಗೋಣ. ಮೊದಲು ಇದನ್ನ ಎತ್ತಿ.”

ಎತ್ತುವ ಉದ್ದೇಶವೇನೂ ಇರಲಿಲ್ಲ, ಸುಮ್ಮನೆ ಅಂಚಿಗೆ ಕೈ ಇಟ್ಟೆ ಅಷ್ಟೇ. ಸೊಂಟಕ್ಕೆ ಹಳೆಯ ನೆನಪು ಬಂತು. ಬಗ್ಗಿದವನು ಬಗ್ಗಿದ ಹಾಗೇ ನಿಂತೆ. ಆ ಎತ್ತರದಿಂದ ನೋಡಿದರೆ ಒರಳಿನ ಗುಳಿಯಲ್ಲಿ ನಿನ್ನೆಯ ಹಿಟ್ಟಿನ ಒಂದು ಬಿಳಿ ಗೆರೆ ಕಾಣುತ್ತಿತ್ತು.

“ಅಪ್ಪ ಲೋಡ್ ಆಗ್ತಿಲ್ಲ” ಎಂದಳು ಮಗಳು.

ನನ್ನಾಕೆ ಒಳಗೆ ಹೋಗಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ್ದು ಕೇಳಿಸಿತು. ಆಮೇಲೆ ಡಬ್ಬಿ ತೆರೆದ ಸದ್ದು, ಪಾತ್ರೆಗೆ ಉದ್ದಿನಬೇಳೆ ಸುರಿದ ಸದ್ದು, ನಲ್ಲಿಯಿಂದ ನೀರು ಬಿದ್ದ ಸದ್ದು. ನಾಳೆಗೆ ನೆನೆಹಾಕುತ್ತಿದ್ದಳು.